ಹಳೇ ಎಚ್‌ಪಿಎಲ್‌ಸಿಯಲ್ಲೇ ಐದು ನಿಮಿಷಕ್ಕೆ ನಾಲ್ಕೂ ಲಿಪಿಡ್

ಎಚ್‌ಪಿಎಲ್‌ಸಿ ಅಂದರೆ ಕಾಲಂ ಎಂಬ ಕಣ ತುಂಬಿದ ಕೊಳವೆಯಲ್ಲಿ ದ್ರವವನ್ನು ಒತ್ತಡದಿಂದ ಹರಿಸಿ ಬೆರಕೆಯನ್ನು ಬೇರ್ಪಡಿಸುವ ಮೆಷೀನು. ನನ್ನದರ ಒತ್ತಡದ ಮಿತಿ 400 ಬಾರ್; ಅಂಥದಕ್ಕೆ 2.1 ಮಿ.ಮೀ. ಒಳವ್ಯಾಸದ ಸಣ್ಣ ಕಾಲಂ ಹಾಕುವುದು ದುಡ್ಡು ದಂಡ ಅಂದವರೇ ಹೆಚ್ಚು. ಆದರೂ ಹಾಕಿದೆ. 4.6×150 ಕಾಲಂನಲ್ಲಿ ಇಪ್ಪತ್ತು ನಿಮಿಷ ಹಿಡಿಯುತ್ತಿದ್ದ ಎಲ್‌ಎನ್‌ಪಿ (ಎಂಆರ್‌ಎನ್‌ಎ ಹೊರುವ, ನಾಲ್ಕು ಲಿಪಿಡ್‌ಗಳ ನ್ಯಾನೋಕಣ) ರನ್ ಈಗ ಐದಕ್ಕೆ ಮುಗಿಯುತ್ತದೆ. ಇಂಜೆಕ್ಷನ್ನಿಗೆ 20 ಎಂ.ಎಲ್. ಕುಡಿಯುತ್ತಿದ್ದ ಸಾಲ್ವೆಂಟ್ ಎರಡಕ್ಕೆ ಇಳಿದಿದೆ. ಲಿಪಿಡ್ ಅಳೆಯುವ ಡಿಟೆಕ್ಟರ್ ಸಿಎಡಿ ನಿಮಿಷಕ್ಕೆ ನಾಲ್ಕು ಲೀಟರ್ ನೈಟ್ರೋಜನ್ ನುಂಗುತ್ತದಲ್ಲ, ನಿಜವಾದ ಉಳಿತಾಯ ಅಲ್ಲಿ.

ಕಾಲಂ 2.1×50, ಗಟ್ಟಿ ತಿರುಳಿನ (ಸಾಲಿಡ್ ಕೋರ್) 2.7 ಮೈಕ್ರಾನ್ ಕಣಗಳು, ಅವುಗಳ ಮೇಲೆ ಫಿನೈಲ್-ಹೆಕ್ಸಿಲ್ ಲೇಪ. 50 ಡಿಗ್ರಿ, ಫ್ಲೋ ನಿಮಿಷಕ್ಕೆ 0.4 ಎಂ.ಎಲ್. ನೀರು, ಮೆಥನಾಲ್ ಎರಡರಲ್ಲೂ 0.1% ಟಿಎಫ್‌ಎ ಆಮ್ಲ. ರನ್ ಸಾಗಿದಂತೆ ಮೆಥನಾಲ್ ಪಾಲು ಶೇ. 85ರಿಂದ 100ಕ್ಕೆ ಏರುತ್ತದೆ, ಇದೇ ಗ್ರೇಡಿಯಂಟ್. ಒತ್ತಡ 200 ಬಾರ್ ದಾಟಿಲ್ಲ.

ಮೊದಮೊದಲು ಪೀಕ್‌ಗಳೆಲ್ಲ ಗುಡ್ಡದ ಹಾಗೆ ಬಂದವು. ತಪ್ಪು ಕಾಲಂದಲ್ಲ, ಟ್ಯೂಬಿಂಗ್‌ನದು. 0.25 ಮಿ.ಮೀ. ಟ್ಯೂಬ್ ಅರ್ಧ ಮೀಟರ್ ಇದ್ದರೆ ಅದರೊಳಗೇ 25 ಮೈಕ್ರೋಲೀಟರ್; ಕಾಲಂನ ಖಾಲಿ ಜಾಗವೇ ಸುಮಾರು ನೂರು. 0.12ಕ್ಕೆ ಬದಲಿಸಿದರೆ ಆರರೊಳಗೆ ಇಳಿಯುತ್ತದೆ. ಆಮೇಲೆ ಡ್ವೆಲ್ ವಾಲ್ಯೂಮ್, ಅಂದರೆ ಸಾಲ್ವೆಂಟ್‌ಗಳು ಬೆರೆಯುವಲ್ಲಿಂದ ಕಾಲಂವರೆಗಿನ ಜಾಗ: ನನ್ನ ಪಂಪಿನದು ಒಂದು ಎಂ.ಎಲ್. ಚಿಲ್ಲರೆ, ಗ್ರೇಡಿಯಂಟ್ ಕಾಲಂ ಮುಟ್ಟುವಷ್ಟರಲ್ಲಿ ಎರಡೂವರೆ ನಿಮಿಷ ಹೋಯಿತು. ಮಿಕ್ಸರ್ ತೆಗೆದರೆ ಬೇಸ್‌ಲೈನ್ ಕುಣಿಯಿತು. ಮಿಕ್ಸರನ್ನು ಹಾಗೇ ಬಿಟ್ಟು, ಗ್ರೇಡಿಯಂಟ್ ಹೊರಟ ಮೇಲೆ ತಡಮಾಡಿ ಇಂಜೆಕ್ಟ್ ಮಾಡುತ್ತೇನೆ.

ಮೊದಲ ಕಾಲಂ, ಅರವತ್ತು ಸಾವಿರದ ಆಸುಪಾಸು, ಮೂವತ್ತು ಇಂಜೆಕ್ಷನ್ನಿಗೆ ಕಟ್ಟಿಕೊಂಡಿತು. ಸ್ಯಾಂಪಲ್ಲನ್ನು ಹತ್ತು ಪಟ್ಟು ಮೆಥನಾಲ್‌ಗೆ ಹಾಕಿದಾಗ ಕಣಗಳು ಒಡೆದು ಎಂಆರ್‌ಎನ್‌ಎ ಗಸಿಯಾಗುತ್ತದೆ, ಅದೇ ಕಾಲಂ ಬಾಯಿಯ ಜರಡಿಯಲ್ಲಿ (ಫ್ರಿಟ್) ಕೂತಿತ್ತು. ಈಗ ಹತ್ತು ನಿಮಿಷ ಸ್ಪಿನ್, ಮೇಲಿನ ತಿಳಿ ಗ್ಲಾಸ್ ವಯಲ್‌ಗೆ, 1 ಮೈಕ್ರೋಲೀಟರ್ ಇಂಜೆಕ್ಷನ್. ಗಸಿಯ ಜೊತೆ ಅಯಾನೈಸೆಬಲ್ ಲಿಪಿಡ್ (ಆಮ್ಲದಲ್ಲಿ ಧನ ವಿದ್ಯುದಂಶ ಪಡೆಯುವಂಥದು) ಕೂಡ ಇಳಿದುಬಿಡಬಹುದು, ಗೊತ್ತಿರುವಷ್ಟು ಲಿಪಿಡ್ ಸೇರಿಸಿ (ಸ್ಪೈಕ್) ಎಷ್ಟು ವಾಪಸ್ ಸಿಗುತ್ತದೆ ನೋಡಿಕೊಳ್ಳಿ. ಅದನ್ನು ಬಿಡಿಸುವ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ.

ಪೆಗ್-ಲಿಪಿಡ್ (ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿ ಅಂಟಿದ ಲಿಪಿಡ್) ಪೀಕ್ ಅಗಲವಾಗಿಯೇ ಬರುತ್ತದೆ. ಪೆಗ್ ಸರಪಳಿಗಳ ಉದ್ದ ಒಂದೇ ಸಮ ಇರುವುದಿಲ್ಲ, ಕಾಲಂ ಬೈದು ಫಲವಿಲ್ಲ. ಫಾರ್ಮುಲೇಶನ್‌ನಲ್ಲಿ ಅದಿರುವುದೇ 1.5 ಮೋಲ್ ಶೇಕಡಾ. ಅಳತೆಗೆ ಹೋಲಿಸುವ ಅದರ ಸ್ಟ್ಯಾಂಡರ್ಡ್‌ಗಳನ್ನು ಕಡಿಮೆ ಪ್ರಮಾಣದ ಕಡೆ ಒತ್ತಾಗಿಡಿ. ಸಿಎಡಿಗೆ ನೇರ ಗೆರೆ ಎಳೆದರೆ ತುದಿಗಳಲ್ಲಿ ಮೋಸ, ಪ್ರಮಾಣ ಮತ್ತು ಏರಿಯಾ ಎರಡರದೂ ಲಾಗ್ ತೆಗೆದು (ಲಾಗ್-ಲಾಗ್) ಗೆರೆ ಹಾಕಿ.

ಇದೇ ಹುಮ್ಮಸ್ಸಿನಲ್ಲಿ ಬಿಡಿ ಆರ್‌ಎನ್‌ಎ (ಕಣದ ಹೊರಗಿರುವುದು) ಅಳೆಯಲು, ಗಾತ್ರ ನೋಡಿ ಬೇರ್ಪಡಿಸುವ ಅಗಲ ರಂಧ್ರದ ಪುಟ್ಟ ಎಸ್‌ಇಸಿ ಗಾರ್ಡ್ ಕಾಲಂ ಒಂದನ್ನೂ ಹಾಕಿ ನೋಡಿದೆ. ಮೊದಲ ನಾಲ್ಕೈದು ಇಂಜೆಕ್ಷನ್‌ಗಳ ಕಣಗಳನ್ನೆಲ್ಲ ಅದೇ ನುಂಗಿತು, ಆಮೇಲೆ ಪೀಕಿನ ಏರಿಯಾ ಸ್ಥಿರವಾಯಿತು. ಆದರೆ ಕಣಗಳೇ ಬೆಳಕು ಚದುರಿಸುವುದರಿಂದ 260 ನ್ಯಾನೋಮೀಟರ್ ಬೆಳಕಿನಲ್ಲಿ ಎಲ್‌ಎನ್‌ಪಿ ಪೀಕ್ ಉಬ್ಬಿ ಕಾಣುತ್ತದೆ. ಬಿಡಿ ಆರ್‌ಎನ್‌ಎ ಪೀಕನ್ನು ಮಾತ್ರ ನಂಬುತ್ತೇನೆ.