ಅಪ್ಪೆಮಿಡಿ ಡಬ್ಬಿ ಮೇಲೆ ಏನೇನ್ ಬರೀಬೇಕು? ಶಿರಸಿ ಕಡೆ ಮನೇಲಿ ಮಾಡಿ ಮಾರೋರಿಗೆ

ನಮ್ಮನೇಲಿ ಆಯಿ ಮತ್ತೆ ಅತ್ತಿಗೆ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕ್ತಾರೆ, ಹಲಸಿನ ಹಪ್ಳ ಹಚ್ತಾರೆ, ಪಾರ್ಸೆಲ್ಲು ಕಾಗದಪತ್ರ ಎಲ್ಲಾ ನಂದು. ಮೊದ್ಲೆರಡು ವರ್ಷ ಲೇಬಲ್ ಅಂದ್ರೆ ಡಿಟಿಪಿ ಅಂಗ್ಡಿಗೆ ಹೋಗಿ "ಚಂದ ಒಂದು ಮಾವಿನಕಾಯಿ ಚಿತ್ರ ಹಾಕಿ ಕೊಡು ಮಾರಾಯ" ಅಂತ ಹೇಳಿ ಬರೋದು, ಅಷ್ಟೇ. ಆಮೇಲೆ ಬೆಂಗಳೂರಿಂದ ಒಬ್ರು ಫೋನ್ ಮಾಡಿ, ನಮ್ಮ ಮಗುಗೆ ಗೋಧಿ ಆಗಲ್ಲ, ನಿಮ್ಮ ಉಪ್ಪಿನಕಾಯಲ್ಲಿ ಗೋಧಿ ಇದ್ಯಾ ಅಂತ ಕೇಳಿದ್ರು. ಉಪ್ಪಿನಕಾಯಲ್ಲಿ ಗೋಧಿ ಎಲ್ಲಿಂದ ಬರ್ಬೇಕು ಅಂತ ಒಳಗೊಳಗೇ ನಗು ಬಂತು. ಫೋನ್ ಇಟ್ಮೇಲೆ ಯಾಕೋ ಅನುಮಾನ ಬಂದು ಇಂಗಿನ ಡಬ್ಬಿ ತಿರುಗಿಸಿ ನೋಡಿದ್ರೆ ಗೋಂದು, ಗೋಧಿಹಿಟ್ಟು, ಇಂಗು ಅಂತ ಸಣ್ಣಕ್ಷರದಲ್ಲಿ ಬರ್ದಿದೆ. ತಕ್ಷಣ ವಾಪಸ್ ಫೋನ್ ಮಾಡಿ ಕೊಡ್ಬೇಡಿ ಅಂದೆ. ಅವತ್ತೇ ಗೊತ್ತಾಗಿದ್ದು, ಲೇಬಲ್ ಹುಟ್ಟೋದು ಡಿಟಿಪಿ ಅಂಗ್ಡಿಲಲ್ಲ, ಅಡುಗೆಮನೆ ತಕ್ಕಡಿ ಹತ್ರ ಅಂತ.

ಹಾಗಾಗಿ ಮೊದ್ಲು ತಕ್ಕಡಿ. ಆಯಿ ಕಣ್ಣಳತೆಲೇ ಹಾಕ್ತಾರೆ, ಅದನ್ನ ತಪ್ಪಿಸೋಕೆ ಹೋಗ್ಬೇಡಿ, ಬೈಸ್ಕೋತೀರಿ. ಅವರು ಹಾಕೋ ಮೊದ್ಲು ಪಾತ್ರೆ ತೂಗಿ, ಹಾಕಿದ್ಮೇಲೆ ಉಳಿದಿದ್ದು ತೂಗಿ, ವ್ಯತ್ಯಾಸ ಪಟ್ಟಿಗೆ ಬರ್ಕೊಳ್ಳಿ. ನಮ್ಮ 10 ಕೆಜಿ ಲೆಕ್ಕ ಹೀಗೆ ಬಂತು: ಮಿಡಿ 7 ಕೆಜಿ, ಉಪ್ಪು ಒಂದೂವರೆ ಕೆಜಿ, ಖಾರಪುಡಿ 800 ಗ್ರಾಂ, ಸಾಸಿವೆ 600 ಗ್ರಾಂ, ಅರಿಶಿನ 50, ಇಂಗು 50. ಪದಾರ್ಥಗಳ ಪಟ್ಟಿಗೆ ಬೇಕಾಗಿರೋದೂ ಇದೇ, ತೂಕ ಜಾಸ್ತಿ ಇರೋದು ಮೊದ್ಲು, ಕಮ್ಮಿ ಇರೋದು ಕೊನೆಗೆ. ಚಂದ ಕಾಣ್ಲಿ ಅಂತ ಹಿಂದೆಮುಂದೆ ಮಾಡೋ ಹಾಗಿಲ್ಲ. ಮುರುಗಲು (ಕೋಕಂ) ಸಿರಪ್ ಮಾಡೋರು ಸಿಕ್ಕಿಬೀಳೋದು ಇಲ್ಲೇ, ಒಂದು ಕೆಜಿ ಮುರುಗಲಿಗೆ ಎರಡು ಕೆಜಿ ಸಕ್ಕರೆ ಸುರಿದಿದ್ರೆ ಪಟ್ಟಿಲಿ ಮೊದಲ ಹೆಸರು ಸಕ್ಕರೆನೇ, ಬಾಟ್ಲಿ ಮೇಲೆ ಎಷ್ಟು ದೊಡ್ಡ ಕೆಂಪು ಹಣ್ಣಿನ ಚಿತ್ರ ಇದ್ರೂ. ಸೋಡಿಯಂ ಬೆಂಜೋಯೇಟ್ ಹಾಕ್ತೀರಿ ಅಂದ್ರೆ ಅದನ್ನೂ ಪ್ರಿಸರ್ವೇಟಿವ್ (ಕೆಡದ ಹಾಗೆ ಹಾಕೋದು) ಅಂತ, ಐಎನ್‌ಎಸ್ 211 (ಅದರ ಅಂತರರಾಷ್ಟ್ರೀಯ ನಂಬರು) ಅಂತ ಬರೀಬೇಕು, ಹಾಕಿಬಿಟ್ಟು "ಏನೂ ಬೆರೆಸಿಲ್ಲ" ಅಂತ ಅಚ್ಚು ಹಾಕಿಸೋರ್ನ ನಾನೇ ನೋಡಿದೀನಿ.

ಅಲರ್ಜಿ ಸಾಲು ಬೇರೆನೇ ಬರ್ಬೇಕು, ಪದಾರ್ಥದ ಪಟ್ಟಿ ಆದ್ಮೇಲೆ. ಗೋಧಿ ತರದ ಗ್ಲುಟನ್ ಇರೋ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ ಜಾತಿ, ಶೇಂಗಾ, ಗೋಡಂಬಿ ಬಾದಾಮಿ ಥರದ್ದು, ಸೋಯಾ, ಮತ್ತೆ ಕೆಜಿಗೆ 10 ಮಿಲಿಗ್ರಾಂ ಅಥ್ವಾ ಅದಕ್ಕಿಂತ ಜಾಸ್ತಿ ಸಲ್ಫೈಟ್ (ಅದೂ ಒಂದು ತರ ಪ್ರಿಸರ್ವೇಟಿವ್). ನಮ್ಮ ಡಬ್ಬಿ ಮೇಲೆ ಈಗ ಗೋಧಿ ಇದೆ ಅಂತ ಬರುತ್ತೆ, ಇಂಗು 10 ಕೆಜಿಗೆ ಬರೀ 50 ಗ್ರಾಂ ಆದ್ರೂನೂ. ಇಂಗು ಬದಲಾಯಿಸಿದ್ರೆ ಡಬ್ಬಿ ಮತ್ತೆ ಓದಿ, ಒಂದೊಂದು ಕಂಪ್ನಿದು ಒಂದೊಂದು ತರ. ಸಾಸಿವೆ ನಮ್ಮ ದೇಶದ ಪಟ್ಟಿಲಿಲ್ಲ, ಯುರೋಪಿನ ಪಟ್ಟಿಲಿದೆ, ಹೊರದೇಶಕ್ಕೆ ಕಳಿಸೋರು ನೆನಪಿಟ್ಕೊಳ್ಳಿ. ಕುಮಟಾ ಅಂಕೋಲಾ ಕಡೆ ಶೆಟ್ಲಿ (ಸಿಗಡಿ) ಉಪ್ಪಿನಕಾಯಿ ಮಾಡೋರಿಗೆ ಇನ್ನೊಂದು ವಿಷಯ: ಮಾಂಸಾಹಾರದ ಗುರುತು ಈಗ ಕಂದು ಚೌಕದೊಳಗೆ ಕಂದು ತ್ರಿಕೋನ, ಹಳೇ ಕಂದು ಬೊಟ್ಟಲ್ಲ. ಬಣ್ಣ ಸರಿ ಕಾಣ್ದೇ ಇರೋರಿಗೆ ಹಸಿರು ಬೊಟ್ಟು ಕಂದು ಬೊಟ್ಟು ಎರಡೂ ಒಂದೇ ತರ ಕಾಣ್ತಿತ್ತಲ್ಲ, ಅದಕ್ಕೇ ಎಫ್‌ಎಸ್‌ಎಸ್‌ಎಐನೋರು (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2020ರ ಲೇಬಲ್ ನಿಯಮದಲ್ಲಿ ಬದಲಾಯ್ಸಿದ್ರು. ಡಿಟಿಪಿಯವ್ರ ಕಂಪ್ಯೂಟರಲ್ಲಿ ಇನ್ನೂ ಹಳೇ ಚಿತ್ರನೇ ಇರುತ್ತೆ, ಹುಷಾರು.

ಈಗ ಎಲ್ರಿಗೂ ತಲೆನೋವು ಅನ್ಸೋ ಪೋಷಕಾಂಶದ ಪಟ್ಟಿ. 100 ಗ್ರಾಂಗೆ ಎಷ್ಟು ಕ್ಯಾಲರಿ, ಪ್ರೋಟೀನು, ಕಾರ್ಬೋಹೈಡ್ರೇಟು, ಒಟ್ಟು ಸಕ್ಕರೆ, ಬೇರೆ ಹಾಕಿದ ಸಕ್ಕರೆ, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಕೊಲೆಸ್ಟ್ರಾಲು, ಸೋಡಿಯಂ. ಇದರ ಜೊತೆ ಒಂದು ಸರ್ತಿ ಬಡಿಸೋ ಅಳತೆ ಎಷ್ಟು, ಅದು ದಿನದ ಅಗತ್ಯದಲ್ಲಿ ಎಷ್ಟು ಪರ್ಸೆಂಟು ಅಂತ. ದಿನದ ಲೆಕ್ಕ ಎಫ್‌ಎಸ್‌ಎಸ್‌ಎಐನೋರೇ ಕೊಟ್ಟಿದಾರೆ: 2000 ಕ್ಯಾಲರಿ, ಕೊಬ್ಬು 67 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 22, ಬೇರೆ ಹಾಕಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರಗಳ ಕೋಷ್ಟಕ ಇದೆ, ಅದ್ರಿಂದ ಒಂದೊಂದು ಪದಾರ್ಥದ ಅಂಕಿ ತಗೊಂಡು ನಿಮ್ಮ ತೂಕದಿಂದ ಗುಣಿಸಿದ್ರೆ ಅಂದಾಜು ಸಿಗುತ್ತೆ. ಕ್ಯಾಲರಿಗೆ ಪ್ರೋಟೀನು ಕಾರ್ಬೋಹೈಡ್ರೇಟು ಗ್ರಾಂಗೆ 4, ಕೊಬ್ಬು ಗ್ರಾಂಗೆ 9. ಆದ್ರೂ ಒಂದ್ಸಲ ಲ್ಯಾಬಿಗೆ ಕಳ್ಸಿ ತಾಳೆ ನೋಡಿ ಅಂತೀನಿ, ದುಡ್ಡು ಹೋದ್ರೂ ನಿದ್ದೆ ಬರುತ್ತೆ.

ಸೋಡಿಯಂ ಒಂದನ್ನ ಇಲ್ಲೇ ಮಾಡಿ ತೋರಿಸ್ತೀನಿ. 10 ಕೆಜಿಗೆ ಒಂದೂವರೆ ಕೆಜಿ ಉಪ್ಪು ಅಂದ್ರೆ 100 ಗ್ರಾಂಗೆ 15 ಗ್ರಾಂ. ಒಂದು ಗ್ರಾಂ ಉಪ್ಪಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ, ಅಲ್ಲಿಗೆ 5850 ಮಿಲಿಗ್ರಾಂ ಆಯ್ತು. ಒಂದು ಸಣ್ಣ ಮಿಡಿ, ಸ್ವಲ್ಪ ರಸ, ಒಟ್ಟು 10 ಗ್ರಾಂ ಬಡಿಸಿದ್ರಿ ಅನ್ಕೊಳ್ಳಿ, 585 ಮಿಲಿಗ್ರಾಂ, ದಿನದ 29 ಪರ್ಸೆಂಟು. ಒಂದು ಮಿಡಿಗೆ! ಮಜ್ಜಿಗೆ ಅನ್ನಕ್ಕೆ ಮೂರು ಮಿಡಿ ಹಾಕ್ಕೊಳ್ಳೋ ನಮ್ಮ ಭಾವನಿಗೆ ಇದನ್ನ ಓದಿ ಹೇಳಿದ್ರೆ "ಹೌದಾ" ಅಂದು ನಾಲ್ಕನೇದು ಹಾಕ್ಕೊಂಡ್ರು. (ಮಿಡಿ ಉಪ್ಪು ನೀರು ಬಿಟ್ಟಮೇಲೆ ಆ ನೀರು ಸ್ವಲ್ಪ ಚೆಲ್ಲೋರಾದ್ರೆ ಅದರ ಜೊತೆ ಉಪ್ಪೂ ಹೋಗುತ್ತೆ, ಆಗ ಈ ಲೆಕ್ಕ ನಡೆಯಲ್ಲ, ಲ್ಯಾಬೇ ಗತಿ.)

ಕಾಳುಮೆಣಸು, ಏಲಕ್ಕಿ, ಮಸಾಲೆಪುಡಿ ಥರದ್ದಕ್ಕೆ ಈ ಪೋಷಕಾಂಶದ ಪಟ್ಟಿ ಬೇಕಿಲ್ಲ. ಉಳಿದಿದ್ದೆಲ್ಲ ಬೇಕು.

ಉಳಿದಿದ್ದು ಅಂದ್ರೆ: ಎಫ್‌ಎಸ್‌ಎಸ್‌ಎಐ ಲೋಗೋ, ಜೊತೆಗೆ 14 ಅಂಕಿಯ ನಂಬರು (ಅವರದ್ದೇ ಫೋಸ್ಕಾಸ್ ವೆಬ್‌ಸೈಟಲ್ಲಿ ಅರ್ಜಿ ಹಾಕೋದು, ನಾವು 2023ರಲ್ಲಿ ಮಾಡ್ಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ರಿಜಿಸ್ಟ್ರೇಷನ್ನು, ಫೀಸು ವರ್ಷಕ್ಕೆ 100 ರೂಪಾಯಿ), ಮಾಡಿದವರ ಹೆಸರು ವಿಳಾಸ, ಬ್ಯಾಚ್ ನಂಬರು, ತಯಾರಿಸಿದ ದಿನ, ಯಾವಾಗಿನವರೆಗೆ ಬಳಸ್ಬಹುದು, ನಿವ್ವಳ ತೂಕ, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂಗೆ ಎಷ್ಟು ಬೀಳುತ್ತೆ ಅನ್ನೋ ದರ, ದೂರು ಹೇಳೋಕೆ ಫೋನ್ ನಂಬರು. ತೂಕ ಬೆಲೆ ಎಲ್ಲಾ ತೂಕ ಮತ್ತು ಅಳತೆ ಇಲಾಖೆಯ ನಿಯಮ, ಆಹಾರದವ್ರದ್ದಲ್ಲ, ಎರಡೂ ಕಡೆಯವ್ರು ಕೇಳ್ಬಹುದು. ತಪ್ಪು ಲೇಬಲ್ಲಿಗೆ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ 3 ಲಕ್ಷದವರೆಗೆ ದಂಡ ಹಾಕೋಕೆ ಅವಕಾಶ ಇದೆ.

ಭಾಷೆ ವಿಚಾರ ನಂಗೆ ಇನ್ನೂ ಸಿಟ್ಟು ತರ್ಸುತ್ತೆ. ಬರೀ ಕನ್ನಡದಲ್ಲಿ ಹಾಕಿದ್ರೆ ಸಾಲಲ್ಲ, ಇಂಗ್ಲಿಷು ಇಲ್ಲಾ ದೇವನಾಗರಿ ಹಿಂದಿ ಇರ್ಲೇಬೇಕು, ಬೇರೆ ಭಾಷೆ ಅದರ ಜೊತೆಗೆ ಹಾಕ್ಬಹುದು ಅಂತ ನಿಯಮ. ಯಲ್ಲಾಪುರ ಸಂತೆಲಿ ಮಾರೋ ಹಪ್ಳಕ್ಕೂ ಇದೇ. ಆಮೇಲೆ 2025ರಲ್ಲಿ ನಮ್ಮ ರಾಜ್ಯ ಸರ್ಕಾರದ ಆದೇಶ ಬಂತು, ಇಲ್ಲಿ ತಯಾರಾಗೋ ವಸ್ತು ಮೇಲೆ ಹೆಸರು, ಬಳಸೋ ವಿಧಾನ ಕನ್ನಡದಲ್ಲೂ ಇರ್ಬೇಕು ಅಂತ. ಹಾಗಾಗಿ 200 ಗ್ರಾಂ ಡಬ್ಬಿಗೆ ಎರಡು ಭಾಷೆ ಹಿಡಿಸ್ಬೇಕು. ನಾವು ಮುಂದೆ ಕನ್ನಡದಲ್ಲಿ ಹೆಸರು ದೊಡ್ಡದಾಗಿ, ಅದರಡಿ ಇಂಗ್ಲಿಷು, ಪಟ್ಟಿಗಳೆಲ್ಲ ಹಿಂದೆ ಅಂತ ಮಾಡ್ಕೊಂಡ್ವಿ.

ಹೋಟೆಲ್ ಇಟ್ಟಿರೋರು ಕೆಲವರು ಕೇಳ್ತಾರೆ, ಮೆನು ಮೇಲೆ ಕ್ಯಾಲರಿ ಬರೀಬೇಕಂತಲ್ಲ, ಕಾರವಾರದಲ್ಲಿ ಮೀನೂಟದ ಖಾನಾವಳಿಗೂ ಬೇಕಾ ಅಂತ. ಆ ನಿಯಮ 2022ರ ಜುಲೈ 1ರಿಂದ ಬಂದಿದ್ದು ಎಫ್‌ಎಸ್‌ಎಸ್‌ಎಐ ಕೇಂದ್ರ ಲೈಸನ್ಸ್ ಇರೋರಿಗೆ, ಇಲ್ಲಾ 10 ಅಥ್ವಾ ಜಾಸ್ತಿ ಕಡೆ ಶಾಖೆ ಇರೋರಿಗೆ. ಒಂದೇ ಖಾನಾವಳಿ ಇಟ್ಟೋರಿಗೆ ಬಿಸಿ ತಟ್ಟಲ್ಲ. ಆದ್ರೆ ಅಲ್ಲೇ ಕೌಂಟರಲ್ಲಿ ಒಣಶೆಟ್ಲಿ ಚಟ್ನಿ ಪ್ಯಾಕೆಟ್ ಮಾಡಿ ನೇತು ಹಾಕಿದ್ರಿ ಅಂದ್ರೆ ಮೇಲೆ ಹೇಳಿದ್ದೆಲ್ಲಾ ಆ ಪ್ಯಾಕೆಟ್ಟಿಗೆ ಬೇಕು.

ಎಲ್ಲಾ ಆದ್ಮೇಲೆ ಸಾವಿರ ಸ್ಟಿಕ್ಕರ್ ಒಟ್ಟಿಗೆ ಪ್ರಿಂಟ್ ಹಾಕ್ಸ್ಬೇಡಿ. ಒಂದೇ ಒಂದು ತಗೊಂಡು ಡಬ್ಬಿಗೆ ಅಂಟಿಸಿ, ಎಣ್ಣೆಕೈಯಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ರಾತ್ರಿಯೆಲ್ಲಾ ಫ್ರಿಜ್ಜಲ್ಲಿಟ್ಟು ಬೆಳಿಗ್ಗೆ ನೀರು ಬೆವರಿದಾಗ ಮತ್ತೆ ಉಜ್ಜಿ. ನಾವು ದಿನಾಂಕ ಸ್ಕೆಚ್ ಪೆನ್ನಲ್ಲಿ ಬರೀತಿದ್ವಿ, ಮಳೆಗಾಲದಲ್ಲಿ ಎರಡೇ ದಿನಕ್ಕೆ ಅಳಿಸಿ ನೀಲಿ ಕಲೆ ಆಗೋದು. ಈಗ ಪ್ಲಾಸ್ಟಿಕ್ ಸ್ಟಿಕ್ಕರು, ದಿನಾಂಕಕ್ಕೆ ಪರ್ಮನೆಂಟ್ ಇಂಕಿನ ಸೀಲು, ಅದನ್ನ ಮುಚ್ಚಳದ ಮೇಲೆ ಹೊಡೀಬೇಡಿ, ಅಂಗ್ಡಿಯವ್ರು ಮುಚ್ಚಳ ಅದಲುಬದಲು ಮಾಡಿಬಿಡ್ತಾರೆ.