ಕಬಡ್ಡಿ ಮಕ್ಕಳು ಕಟ್ಟ ಕಟ್ಟಿದ ಬಗೆ

ನಾನು ಕಾಸರಗೋಡಿನ ಎಣ್ಮಕಜೆ ಕಡೆ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರು. ನಮ್ಮಲ್ಲಿ ಕಬಡ್ಡಿ ಅಂದರೆ ಊರಿಗೆ ಊರೇ ಸೇರುತ್ತದೆ. ಯುವಕ ಸಂಘದವರು ಮಕ್ಕಳಿಗೆ ಜೆರ್ಸಿ ತೆಗೆದುಕೊಡುತ್ತಾರೆ. ತೋಟದವರು ಜೀಪಿನ ಬಾಡಿಗೆ ಕೊಡುತ್ತಾರೆ. ಪಂದ್ಯದ ದಿನ ಯಾರದೋ ಮನೆಯಲ್ಲಿ ಗಂಜಿ, ಚಟ್ನಿ ತಯಾರಿರುತ್ತದೆ. ಹೀಗೆ ಪಡೆದುಕೊಂಡೇ ಬೆಳೆಯುವ ಮಕ್ಕಳಿಗೆ ಕೊಡುವ ಅಭ್ಯಾಸವನ್ನು ಯಾರೂ ಮಾಡಿಸುವುದಿಲ್ಲ. ಒಳ್ಳೆಯ ರೈಡರ್ ಆದರೆ ಒಂಬತ್ತನೇ ಕ್ಲಾಸಿಗೇ ಊರಿನ ಹೀರೋ. ಚಪ್ಪಾಳೆ ಹೊಡೆಯುವ ಕೈಗಳು ಯಾರವು, ಅವರ ಮನೆಯಲ್ಲಿ ಏನು ಕಷ್ಟ ಅಂತ ಅವನಿಗೆ ಗೊತ್ತಿರಬೇಕು. ಇದು ನನ್ನ ಹಟ.

ಆಟದ ಮಕ್ಕಳಿಂದ ಊರ ಕೆಲಸ ಮಾಡಿಸಲು ಶುರುಮಾಡುವಾಗಲೇ ಎರಡು ವಿಷಯ ಗಟ್ಟಿಮಾಡಿಕೊಂಡೆ. ಊರ ಕೆಲಸವನ್ನು ಯಾವತ್ತೂ ಶಿಕ್ಷೆಯಾಗಿ ಕೊಡಬಾರದು. ತಡವಾಗಿ ಬಂದವನಿಂದ ಶಿಕ್ಷೆ ಅಂತ ಮೈದಾನ ಗುಡಿಸಿಸಿ, ಗಾಂಧಿ ಜಯಂತಿ ದಿನ ಅದೇ ಪೊರಕೆ ಕೊಟ್ಟು ಇದು ಸೇವೆ ಅಂದರೆ ಅವನು ಯಾವುದನ್ನು ನಂಬಬೇಕು? ಇನ್ನೊಂದು, ಟೀಮಿನ ಆಯ್ಕೆಗೂ ಇದಕ್ಕೂ ಸಂಬಂಧ ಇರಬಾರದು. ಕೇರಳದಲ್ಲಿ ಆಟಕ್ಕೆ ಎಸ್.ಎಸ್.ಎಲ್.ಸಿ.ಯಲ್ಲಿ ಗ್ರೇಸ್ ಮಾರ್ಕ್ ಉಂಟು. ಅದು ಆಟಕ್ಕೇ ಇರಲಿ. ಆಯ್ಕೆಗೋಸ್ಕರ ಬಂದವನು ಪಟ್ಟಿ ಹಾಕಿದ ಮರುದಿನ ಕಾಣಿಸುವುದಿಲ್ಲ.

ಏನು ಕೆಲಸ ಅಂತ ನಾನು ಹೇಳಲಿಲ್ಲ. ಹುಡುಗರನ್ನೂ ಹುಡುಗಿಯರನ್ನೂ ಅವರವರ ಮನೆಯ ಸುತ್ತಮುತ್ತ ಕೇಳಿಕೊಂಡು ಬರಲು ಕಳಿಸಿದೆ. ನಮ್ಮ ಟೀಮಿನಲ್ಲಿ ತುಳು, ಮಲಯಾಳ, ಬ್ಯಾರಿ, ಹವ್ಯಕ, ಕರಾಡ ಮರಾಠಿ ಎಲ್ಲ ಮಾತಾಡುವವರು ಇದ್ದಾರೆ. ಹಾಗಾಗಿ ಯಾವ ಮನೆಯೂ ಬಾಕಿಯಾಗಲಿಲ್ಲ. ಹೆಚ್ಚಿನವರು ಹೇಳಿದ್ದು ನೀರಿನ ವಿಷಯ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮುರಕಲ್ಲಿನ ಗುಡ್ಡ, ಇಳಿಜಾರು ಜಾಗ, ನೀರು ನಿಲ್ಲುವುದೇ ಇಲ್ಲ. ಮಾರ್ಚ್‌ಗೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಸಣ್ಣದಾಗಿ ತೊಟ್ಟಿಕ್ಕುತ್ತದೆ, ಬಾವಿಯ ತಳ ಕಾಣುತ್ತದೆ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಕಟ್ಟ. ಮಳೆ ನಿಂತು ತೋಡಿನ (ಸಣ್ಣ ಹಳ್ಳದ) ಸೆಳೆತ ಕಡಿಮೆಯಾದ ಮೇಲೆ ಕಲ್ಲು, ಮಣ್ಣು, ಅಡಿಕೆ ಸಲಾಕೆ, ಸೊಪ್ಪು ಹಾಕಿ ಅಡ್ಡ ಕಟ್ಟುತ್ತಿದ್ದರು. ನೀರು ನಿಂತು ಬದಿಯ ಮಣ್ಣಿಗೆ ಇಂಗುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಬಿಚ್ಚುತ್ತಾರೆ. ಒಂದೇ ತೋಡಿಗೆ ಮೇಲಿಂದ ಕೆಳಗಿನ ತನಕ ಸಾಲಾಗಿ ಕಟ್ಟ ಹಾಕಿದರೆ ಪ್ರಯೋಜನ ಜಾಸ್ತಿ. ಕೂಲಿಗೆ ಜನ ಸಿಗದೆ ಎಷ್ಟೋ ಕಡೆ ಇದು ನಿಂತೇಹೋಗಿದೆ. ತೋಡಿನ ಬದಿಯ ತೋಟದ ಅಜ್ಜ ಒಬ್ಬರು ನೇರವಾಗಿ ಕೇಳಿದರು: "ಮಾಸ್ಟ್ರೇ, ನಿಮ್ಮ ಮಕ್ಕಳಿಗೆ ಕಸುವು ಉಂಟು. ನನಗೆ ಕೆಲಸ ಗೊತ್ತುಂಟು. ಎರಡೂ ಸೇರಿದ್ರೆ ಆಗ್ಲಿಕ್ಕಿಲ್ವಾ?"

ಈ ಮಾತು ನನಗೆ ತುಂಬ ಹಿಡಿಸಿತು. ಕ್ರೀಡಾಪಟುಗಳ ಕೈಗೆ ಕರಪತ್ರ ಕೊಟ್ಟು ಮೆರವಣಿಗೆ ಮಾಡಿಸುವುದರಲ್ಲಿ ಅವರಿಗೂ ಮನಸ್ಸಿಲ್ಲ, ನನಗೂ ಇಲ್ಲ. ಅವರ ಹತ್ತಿರ ಇರುವುದು ಬಲ. ಆ ಬಲ ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವಂಥ ಕೆಲಸ ಕೊಡಬೇಕು.

ಜಿಲ್ಲಾ ಮಟ್ಟದ ಪಂದ್ಯ ಮುಗಿದು ಡಿಸೆಂಬರ್ ಬರುವುದನ್ನು ಕಾದೆವು. ಹೆಡ್ಮಾಸ್ಟ್ರ ಅನುಮತಿ, ಪಿ.ಟಿ.ಎ.ಯ (ಶಿಕ್ಷಕ-ರಕ್ಷಕ ಸಂಘದ) ಒಪ್ಪಿಗೆ, ಪ್ರತಿ ಮನೆಯ ಸಹಿ ಎಲ್ಲ ಮೊದಲೇ ಆಯಿತು. ಮೊಣಕಾಲಿಗಿಂತ ಮೇಲೆ ನೀರಿರುವಲ್ಲಿ ಯಾರನ್ನೂ ಇಳಿಸಲಿಲ್ಲ. ಇನ್ನೊಂದು ವಿಷಯವನ್ನು ಬೇರೆ ಮಾಸ್ಟ್ರುಗಳು ಮುಖ್ಯವಾಗಿ ಗಮನಿಸಬೇಕು. ಕಬಡ್ಡಿ ಆಡುವವರ ಮೊಣಕಾಲು, ಮೊಣಕೈಯಲ್ಲಿ ಯಾವಾಗಲೂ ತರಚು ಗಾಯ ಇದ್ದೇ ಇರುತ್ತದೆ. ಗಾಯ ಇದ್ದು ಕೆಸರು ನೀರಿಗೆ ಇಳಿದರೆ ಇಲಿಜ್ವರದ ಅಪಾಯ. ಹಾಗಾಗಿ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಕೈಕಾಲು ನೋಡಿದೆ. ಗಾಯ ಇದ್ದವರಿಗೆಲ್ಲ ದಡದ ಮೇಲೆ ಚೀಲ ತುಂಬಿಸುವ ಕೆಲಸ. ಆರೋಗ್ಯ ಕೇಂದ್ರದವರನ್ನೂ ಮೊದಲೇ ಕೇಳಿ, ಅವರು ಹೇಳಿದಂತೆ ಮಾಡಿದೆವು. ಕಲ್ಲಿನ ಸಂದಿಗೆ ಕೈ ಹಾಕುವ ಮೊದಲು ಹಾರೆಯಿಂದ ಅಲುಗಾಡಿಸಬೇಕು, ಹಾವು ಇರಬಹುದು.

ಈಗ ಸಲಾಕೆ, ಸೊಪ್ಪಿನ ಬದಲು ಖಾಲಿ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿಸಿ ಕಟ್ಟುತ್ತಾರೆ. ಹುಡುಗರು ಬಾಯಿತನಕ ತುಂಬಿಸಲು ಹೊರಟರು. ಅಜ್ಜ ಬಿಡಲಿಲ್ಲ. ಮುಕ್ಕಾಲು ತುಂಬಿಸಿ ಬಾಯಿ ಕಟ್ಟಿದರೆ ಚೀಲ ಒಂದರ ಮೇಲೊಂದು ಒತ್ತಿ ಕೂರುತ್ತದೆ, ಬಿಗಿಯಾಗಿ ತುಂಬಿದ್ದು ಉರುಳುತ್ತದೆ. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಚೀಲ ಬರಬೇಕು, ಇಟ್ಟಿಗೆ ಗೋಡೆಯ ಹಾಗೆ. ನೀರು ಬರುವ ಬದಿಗೆ ಪ್ಲಾಸ್ಟಿಕ್ ಶೀಟು ಹಾಸಿ, ಅದರ ಬುಡಕ್ಕೆ ಜೇಡಿಮಣ್ಣು ತುಳಿದು ತುಂಬಬೇಕು. ನಮ್ಮ ಕ್ಯಾಪ್ಟನ್ ಮೈದಾನದಲ್ಲಿ ಯಾರ ಮಾತೂ ಸುಲಭದಲ್ಲಿ ಕೇಳುವವನಲ್ಲ. ಅವನು ಇಟ್ಟ ಚೀಲವನ್ನು ಅಜ್ಜ ಕಾಲಿನಿಂದ ಒತ್ತಿ ನೋಡಿ, "ಇನ್ನೊಮ್ಮೆ ತೆಗೆದು ಇಡು ಮಗಾ" ಅಂದರು. ಅವನು ತೆಗೆದು ಇಟ್ಟ. ಮತ್ತೆ ತೆಗೆಸಿದರು. ಮತ್ತೆ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಅವನೇ ಬೇರೆಯವರ ಚೀಲ ಒತ್ತಿ ನೋಡುತ್ತಿದ್ದ.

ಕಟ್ಟ ಕಟ್ಟಿದ ದಿನ ಎಲ್ಲರಿಗೂ ಖುಷಿ. ಫೋಟೋ ಆಯಿತು, ಅಜ್ಜನ ಮನೆಯಲ್ಲಿ ಅವಲಕ್ಕಿ, ಚಾ ಆಯಿತು. ನನ್ನ ಅನುಭವದಲ್ಲಿ ಕಲಿಕೆ ಶುರುವಾಗುವುದು ಆಮೇಲೆ. ಕಟ್ಟ ಸುಮ್ನೆ ಬಿಟ್ಟರೆ ನಿಲ್ಲುವುದಿಲ್ಲ. ಏಡಿ ತೂತು ಮಾಡುತ್ತದೆ, ಬದಿಯ ಮಣ್ಣು ಕುಸಿಯುತ್ತದೆ. ವಾರಕ್ಕೊಮ್ಮೆ ಪ್ರಾಕ್ಟೀಸ್ ಮುಗಿಸಿ ಇಬ್ಬಿಬ್ಬರು ಹೋಗಿ ನೋಡಬೇಕು, ಸೋರುವಲ್ಲಿ ಮಣ್ಣು ಮೆತ್ತಬೇಕು. ಅಲ್ಲಿ ಚಪ್ಪಾಳೆ ಇಲ್ಲ. ಹೋಗದಿದ್ದರೂ ಯಾರೂ ಬೈಯುವುದಿಲ್ಲ. ಆದರೂ ಹೋಗುವುದು ಅಭ್ಯಾಸ ಆಗಬೇಕು, ಅದಕ್ಕೆ ಒಂದು ಉಪಾಯ ಮಾಡಿದೆ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಹತ್ತಿರದ ಬಾವಿಯ ನೀರು ಅಳೆದು ಪುಸ್ತಕದಲ್ಲಿ ಬರೆಯಲು ಹೇಳಿದೆ. ಕಟ್ಟ ಹಾಕಿ ಸ್ವಲ್ಪ ಸಮಯಕ್ಕೆ ನೀರು ಎರಡು ಗಂಟು ಮೇಲೆ ಬಂತು. ಹುಡುಗಿಯರ ಟೀಮಿನ ಕಾರ್ನರ್ ಆಡುವ ಮಗು ಆ ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೇ ಓಡಿಬಂದಳು. ಸರ್ಟಿಫಿಕೇಟು ಸಿಕ್ಕಿದಾಗಲೂ ಇಂಥ ಖುಷಿಯ ಮುಖ ನಾನು ನೋಡಿಲ್ಲ.

ಮಕ್ಕಳು ತಾವಾಗಿಯೇ ಮುಂದಿನ ಹೆಜ್ಜೆ ಇಟ್ಟದ್ದು ಬಡ್ಸ್ ಶಾಲೆಯ ಕಡೆಗೆ, ಅಂದರೆ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಶಾಲೆಯ ಕಡೆಗೆ. ನಮ್ಮ ಪಂಚಾಯತಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಷ್ಟ ಗೊತ್ತಿಲ್ಲದ ಮನೆ ಇಲ್ಲ. ಗೇರು ತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದನ್ನು ಈ ಮಕ್ಕಳ ಅಪ್ಪ ಅಮ್ಮ ಕಣ್ಣಾರೆ ಕಂಡವರು. ಅಲ್ಲಿಯೂ ನಾವು ಮೊದಲು ಕೇಳಿದೆವು. ಟೀಚರ್ ಹೇಳಿದ್ದು ಸ್ಪಷ್ಟವಾಗಿತ್ತು: ಕೇಕು, ಉಡುಗೊರೆ ಬೇಡ, ಒಮ್ಮೆ ಬಂದು ಹೋಗುವುದೂ ಬೇಡ. ಬಂದರೆ ಮತ್ತೆ ಮತ್ತೆ ಬನ್ನಿ, ಮಕ್ಕಳ ಜೊತೆ ಚೆಂಡು ಆಡಿ. ತಿಂಗಳಿಗೊಂದು ಶನಿವಾರ ಗೊತ್ತುಮಾಡಿದೆವು. ಫೋಟೋ ತೆಗೆಯುವುದಿಲ್ಲ.

ಮೇ ತಿಂಗಳಲ್ಲಿ ಕಟ್ಟ ಬಿಚ್ಚಲು ಹೋದಾಗ ಹತ್ತನೇ ಕ್ಲಾಸಿನವರು ಶಾಲೆ ಬಿಟ್ಟಾಗಿತ್ತು. ಆದರೂ ಬಂದರು. ಹರಿದ ಚೀಲ ಮನೆಮನೆಯ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ, ಗಟ್ಟಿ ಇದ್ದದ್ದು ತೊಳೆದು ಅಜ್ಜನ ಅಟ್ಟಕ್ಕೆ. ಕೆಳಗಿನ ತೋಟದವರು ತಮ್ಮ ಜಾಗದಲ್ಲೂ ಒಂದು ಹಾಕಲು ಕೇಳಿದ್ದಾರೆ. ಅದಕ್ಕೆ ಚೀಲ ಒಟ್ಟುಮಾಡುವ ಕೆಲಸವನ್ನು ಈ ಸಲ ಎಂಟನೇ ಕ್ಲಾಸಿನವರಿಗೆ ವಹಿಸಿದ್ದೇನೆ.