ಚೀಸ್–ಈರುಳ್ಳಿ ಟೋಸ್ಟನ್ನು ಹಗುರ ಮಾಡಿಕೊಂಡ ಬಗೆ

ಟೋಸ್ಟ್ ತಿನ್ನೋದನ್ನೇ ಬಿಟ್ಟುಬಿಡಿ ಅನ್ನುವ ಸಲಹೆ ನನಗೆ ಯಾವತ್ತೂ ಹಿಡಿಸಿಲ್ಲ. ನಾನು ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮುಂದೆ ನಿಂತು ಮಸಾಲೆ ಟೋಸ್ಟ್ ತಿಂದು ದೊಡ್ಡವಳಾದವಳು. ವಿ.ವಿ.ಪುರಂನ ವಿ.ಬಿ. ಬೇಕರಿ ಕಡೆ ಹೋದರೆ ಈಗಲೂ ಬೆಣ್ಣೆ, ಈರುಳ್ಳಿ, ಕೊತ್ತಂಬರಿ ಸೊಪ್ಪಿನ ವಾಸನೆಗೆ ಕಾಲು ಅಲ್ಲೇ ನಿಲ್ಲುತ್ತದೆ. ಆಮೇಲೆ ಮನೆಗೆ ಚೀಸ್ ಬಂತು. ಈರುಳ್ಳಿ ಟೋಸ್ಟಿನ ಮೇಲೆ ಚೀಸ್ ಕೂತಿತು. ಮಗನಿಗೆ ಅದಿಲ್ಲದೆ ಸಂಜೆಯೇ ಆಗುವುದಿಲ್ಲ. ಹೀಗಿರುವಾಗ ಯಜಮಾನರಿಗೆ ಡಾಕ್ಟರು ತೂಕ ಇಳಿಸಲು ಹೇಳಿದರು. ನಾನು ಟೋಸ್ಟ್ ನಿಲ್ಲಿಸಲಿಲ್ಲ. ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು, ಒಂದು ಪ್ಲೇಟ್ ಟೋಸ್ಟಿನಲ್ಲಿ ಏನೇನು ಎಷ್ಟೆಷ್ಟು ಇದೆ ಅಂತ ತೂಗಿ ನೋಡಿದೆ.

ಎರಡು ಸ್ಲೈಸ್ ಬ್ರೆಡ್, ಸುಮಾರು 150 ಕ್ಯಾಲೊರಿ. ಎರಡೂ ಬದಿಗೆ ಧಾರಾಳವಾಗಿ ಸವರಿದರೆ ಬೆಣ್ಣೆ 20 ಗ್ರಾಂ ಆಗುತ್ತದೆ. ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬೇ ಇರುವುದರಿಂದ ಅದೇ ಸುಮಾರು 145. ಎರಡು ಚೀಸ್ ಸ್ಲೈಸ್ ಅಂದರೆ 40 ಗ್ರಾಂ, ಸುಮಾರು 125. ಈರುಳ್ಳಿ ಬಾಡಿಸಲು ಹಾಕಿದ ಇನ್ನೊಂದು ಚಮಚ ಎಣ್ಣೆ 40. ಈರುಳ್ಳಿಯದ್ದು ಮಾತ್ರ ಏನೇನೂ ಇಲ್ಲ, ನೂರು ಗ್ರಾಂಗೆ 40 ಅಷ್ಟೇ. ಎಲ್ಲ ಸೇರಿ 500ರ ಹತ್ತಿರ ಹೋಯಿತು.

ಈ ಲೆಕ್ಕ ನೋಡಿದಾಗ ನನಗೆ ಹೊಳೆದದ್ದು ಇದು. ಬೆಣ್ಣೆಯ ಹೆಚ್ಚಿನ ಪಾಲು ಬ್ರೆಡ್ಡಿನ ಒಳಗೆ ಇಳಿದುಹೋಗುತ್ತದೆ. ನಾಲಿಗೆಗೆ ಅದು ಸಿಗುವುದೇ ಇಲ್ಲ. ಚೀಸ್ ಕೂಡ ದಪ್ಪಗೆ ಹಾಕಿದಷ್ಟೂ ರುಚಿ ಜಾಸ್ತಿ ಆಗುತ್ತದೆ ಅಂತೇನಿಲ್ಲ, ಮೊದಲ ಪದರಕ್ಕೇ ರುಚಿ ಮುಗಿದಿರುತ್ತದೆ. ಟೋಸ್ಟ್ ತಿಂದು ಮನಸ್ಸು ತುಂಬುವುದು ಮೂರು ಕಾರಣಕ್ಕೆ: ಬ್ರೆಡ್ ಗರಿಗರಿ ಇರಬೇಕು, ಈರುಳ್ಳಿ ಸಿಹಿಯಾಗಿ ಬೆಂದಿರಬೇಕು, ಚೀಸಿನ ವಾಸನೆ ಮೊದಲ ತುತ್ತಿಗೇ ಮೂಗಿಗೆ ಬರಬೇಕು. ಈ ಮೂರನ್ನು ಉಳಿಸಿಕೊಂಡು ಉಳಿದದ್ದನ್ನು ಕಳೆದರೆ ಆಯಿತಲ್ವಾ?

ಈರುಳ್ಳಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಟೋಸ್ಟ್ ನಿಂತಿರುವುದೇ ಅದರ ಮೇಲೆ. ಹೆಚ್ಚಿನ ಮನೆಗಳಲ್ಲಿ ಈರುಳ್ಳಿಯನ್ನು ಐದು ನಿಮಿಷ ಬಾಡಿಸಿ ಇಳಿಸಿಬಿಡುತ್ತಾರೆ. ಅದು ಪಲ್ಯಕ್ಕೆ ಸರಿ. ಇಲ್ಲಿ ಅರ್ಧ ಗಂಟೆಗೂ ಜಾಸ್ತಿ ಬೇಕು. ಅರ್ಧ ಕಿಲೋ ಈರುಳ್ಳಿಯನ್ನು ಬುಡದಿಂದ ತುದಿಯ ಕಡೆಗೆ ಉದ್ದುದ್ದ ಹೆಚ್ಚಿಕೊಳ್ಳುತ್ತೇನೆ. ಅಡ್ಡಡ್ಡ ಹೆಚ್ಚಿದರೆ ಬೇಗ ಕರಗಿ ಮುದ್ದೆಯಾಗುತ್ತದೆ, ಉದ್ದ ಹೆಚ್ಚಿದರೆ ಎಳೆ ಎಳೆಯಾಗಿ ಉಳಿಯುತ್ತದೆ. ತಳ ದಪ್ಪ ಇರುವ ಬಾಣಲೆಗೆ ಎಣ್ಣೆ ಒಂದೇ ಚಿಕ್ಕ ಚಮಚ. ಈರುಳ್ಳಿ ಹಾಕಿ, ಕಾಲು ಚಮಚ ಉಪ್ಪು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡುತ್ತೇನೆ. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ಈರುಳ್ಳಿಯ ತೂಕದಲ್ಲಿ ನೂರಕ್ಕೆ ಸುಮಾರು 89 ಭಾಗ ನೀರೇ ತಾನೆ, ಆ ನೀರಿನಲ್ಲೇ ಅದು ಬೇಯುತ್ತದೆ. ಅದಕ್ಕೇ ಎಣ್ಣೆ ಇಷ್ಟು ಕಮ್ಮಿ ಸಾಕು.

ಆಮೇಲೆ ಮುಚ್ಚಳ ತೆಗೆದು ಆಗಾಗ ಕೈಯಾಡಿಸುತ್ತೇನೆ. ನೀರು ಆರಿದ ಮೇಲೆ ತಳದಲ್ಲಿ ಕಂದು ಬಣ್ಣದ ಪದರ ಹಿಡಿಯಲು ಶುರುವಾಗುತ್ತದೆ. ನಮ್ಮ ಅತ್ತೆ ಒಳಗಿನಿಂದಲೇ ಕೂಗುತ್ತಾರೆ, "ಏನಮ್ಮ, ಈರುಳ್ಳಿ ಸೀಯ್ತಾ ಇದೆ ನೋಡು!" ಸೀಯುವುದಕ್ಕೆ ಮುಂಚಿನ ಈ ಹೊತ್ತೇ ನಮಗೆ ಬೇಕಾದದ್ದು. ಎಣ್ಣೆ ಸುರಿಯಬಾರದು. ಎರಡು ಚಮಚ ನೀರು ಹಾಕಿ, ಮರದ ಸೌಟಿನಿಂದ ತಳ ಕೆರೆದರೆ ಆ ಕಂದು ಪದರವೆಲ್ಲ ಕರಗಿ ಈರುಳ್ಳಿಗೇ ಅಂಟುತ್ತದೆ. ನೀರು ಆರಲಿ, ಮತ್ತೆ ತಳ ಹಿಡಿಯಲಿ, ಮತ್ತೆ ಎರಡು ಚಮಚ ನೀರು. ಹೀಗೆ ಮೂರು ನಾಲ್ಕು ಸಲ ಮಾಡಿದರೆ 35–40 ನಿಮಿಷಕ್ಕೆ ಬೆಲ್ಲದ ಬಣ್ಣ ಬರುತ್ತದೆ. ಕೊನೆಗೆ ಕುಟ್ಟಿದ ಕರಿಮೆಣಸು, ನಾಲ್ಕು ಹನಿ ನಿಂಬೆರಸ. ಹುಳಿ ಇಲ್ಲದಿದ್ದರೆ ಬರೀ ಸಿಹಿಯಾಗಿ ಬಾಯಿ ಕಟ್ಟಿಬಿಡುತ್ತದೆ.

ಸೋಡಾ ಚಿಟಿಕೆ ಹಾಕಿದರೆ ಬೇಗ ಬಣ್ಣ ಬರುತ್ತದೆ ಅನ್ನುತ್ತಾರೆ. ಬರುವುದು ನಿಜ, ಆದರೆ ಈರುಳ್ಳಿ ಪೇಸ್ಟ್ ಆಗಿಬಿಡುತ್ತದೆ. ನಾನು ಹಾಕುವುದಿಲ್ಲ. ಮಳೆಗಾಲದ ಬೆಳೆಯ ಹೊಸ ಈರುಳ್ಳಿ ಬಂದಾಗ ನೀರು ಜಾಸ್ತಿ, ಹತ್ತು ನಿಮಿಷ ಹೆಚ್ಚಿಗೆ ಬೇಕಾಗುತ್ತದೆ ಅನ್ನುವುದು ನೆನಪಿರಲಿ. ಅರ್ಧ ಕಿಲೋ ಕುಗ್ಗಿ ಸುಮಾರು ಒಂದು ಬಟ್ಟಲಿಗೆ ಬರುತ್ತದೆ. ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ನಾನು ಭಾನುವಾರ ಬೆಳಿಗ್ಗೆ ಬೇರೆ ಕೆಲಸ ಮಾಡುತ್ತಾ ಪಕ್ಕದ ಒಲೆಯಲ್ಲಿ ಇದನ್ನು ಇಟ್ಟಿರುತ್ತೇನೆ. ವಾರದ ದಿನ ಸಂಜೆ ಸುಸ್ತಾಗಿ ಬಂದಾಗ ಈ ಡಬ್ಬಿ ಇದ್ದರೆ ಟೋಸ್ಟಿಗೆ ಐದೇ ನಿಮಿಷ.

ಈಗ ಚೀಸ್. ಕೊಬ್ಬು ಕಮ್ಮಿ ಮಾಡಿದ ಚೀಸ್ ಅಂತ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಅದು ಬೇಡ. ಸರಿಯಾಗಿ ಕರಗುವುದಿಲ್ಲ, ಹಲ್ಲಿಗೆ ರಬ್ಬರಿನ ಹಾಗೆ ಸಿಗುತ್ತದೆ, ರುಚಿ ಸಾಲದೆ ಇನ್ನಷ್ಟು ಹಾಕಿಕೊಳ್ಳುವಂತಾಗುತ್ತದೆ. ಒಳ್ಳೆ ಚೀಸನ್ನೇ ತಂದು ಕಮ್ಮಿ ಹಾಕುವುದು ವಾಸಿ. ಚೆಡ್ಡಾರ್ ಅನ್ನುವ ಗಟ್ಟಿ ಚೀಸಿನಲ್ಲಿ ನೂರು ಗ್ರಾಂಗೆ ಸುಮಾರು 400 ಕ್ಯಾಲೊರಿ, ಡಬ್ಬಿಯ ಪ್ರೊಸೆಸ್ಡ್ ಚೀಸಿನಲ್ಲಿ 310ರ ಆಸುಪಾಸು. ಹಾಗಿದ್ದರೂ ಟೋಸ್ಟಿಗೆ ನಾನು ಹಳೆಯ, ಘಾಟು ಜಾಸ್ತಿ ಇರುವ ಚೆಡ್ಡಾರನ್ನೇ ಆರಿಸುತ್ತೇನೆ. ಅದರ ಹತ್ತು ಗ್ರಾಂ ಮಾಡುವ ಕೆಲಸವನ್ನು ಸ್ಲೈಸ್ ಚೀಸಿನ 20 ಗ್ರಾಂ ಮಾಡುವುದಿಲ್ಲ. ಅದು ಸಿಗದಿದ್ದರೆ ಮಾಮೂಲಿ ಚೀಸ್ ಬ್ಲಾಕ್ ಸಾಕು. ಪ್ಯಾಕೆಟ್ಟಿನ ಹಿಂದೆ ಮಾತ್ರ ಒಮ್ಮೆ ಓದಿ. ಅನಲಾಗ್, ಅಂದರೆ ಚೀಸಿನ ನಕಲು, ಅಂತಿದ್ದು ಪದಾರ್ಥಗಳ ಪಟ್ಟಿಯಲ್ಲಿ ಸಸ್ಯಜನ್ಯ ಎಣ್ಣೆ ಕಂಡರೆ ವಾಪಸ್ ಇಟ್ಟುಬಿಡಿ.

ಚೀಸನ್ನು ಕಾಲು ಗಂಟೆ ಫ್ರೀಜರಿನಲ್ಲಿಟ್ಟು, ತುರಿಯುವ ಮಣೆಯ ಅತಿ ಸಣ್ಣ ಕಣ್ಣಿನಲ್ಲಿ ತುರಿಯುತ್ತೇನೆ. ಆಗ ಅದು ರವೆಯ ಹಾಗೆ ಉದುರುತ್ತದೆ. 15 ಗ್ರಾಂ ತುರಿ ಎರಡು ಸ್ಲೈಸಿನ ಮೇಲೆ ಮೂಲೆ ಮೂಲೆಗೂ ಹರಡುತ್ತದೆ. ಅಷ್ಟೇ ಚೀಸನ್ನು ಚಾಕುವಿನಲ್ಲಿ ಕತ್ತರಿಸಿ ಇಟ್ಟರೆ ಅರ್ಧ ಸ್ಲೈಸಿಗೂ ಸಾಲದು. ಇನ್ನೊಂದು ಗುಟ್ಟು ಸಾಸಿವೆ. ಸಾಸಿವೆ ಪುಡಿಯನ್ನು ಒಂದು ಚಿಟಿಕೆ, ಎರಡು ಹನಿ ನೀರಿನಲ್ಲಿ ಕಲಸಿ ಬ್ರೆಡ್ಡಿಗೆ ತೆಳ್ಳಗೆ ಸವರಿದರೆ ಚೀಸಿನ ರುಚಿ ಎದ್ದು ಕಾಣುತ್ತದೆ. ಚೀಸ್ ಟೋಸ್ಟಿಗೆ ಸಾಸಿವೆ ಸೇರಿಸುವುದು ಇಂಗ್ಲೆಂಡ್, ವೇಲ್ಸ್ ಕಡೆಯ ಹಳೆ ಪದ್ಧತಿ. ಸಾಸಿವೆ ಅರೆದು ಮೊಸರಿಗೆ ಬೆರೆಸುವ ನಮಗೆ ಅದೇನು ಹೊಸದಲ್ಲ. ಚೀಸಿನಲ್ಲಿ ಉಪ್ಪು ಬೇಕಾದಷ್ಟಿದೆ, ಮೇಲೆ ಮತ್ತೆ ಉಪ್ಪು ಉದುರಿಸಬೇಡಿ.

ಬೆಣ್ಣೆಯ ಜಾಗಕ್ಕೆ ಬಂದದ್ದು ಕಟ್ಟಿದ ಮೊಸರು. ನಾವು ತರುವುದು ನಂದಿನಿಯ ನೀಲಿ ಪ್ಯಾಕೆಟ್, ಶೇಕಡ 3 ಕೊಬ್ಬಿನ ಹಾಲು. ಅದರ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕೆಳಗೊಂದು ಪಾತ್ರೆ ಇಟ್ಟು, ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬೆಣ್ಣೆಯ ಹಾಗೆ ಸವರಲು ಬರುತ್ತದೆ. ಇಳಿದ ನೀರನ್ನು ಚಪಾತಿ ಹಿಟ್ಟು ಕಲಸಲು ಬಳಸುತ್ತೇನೆ. ಒಂದು ದೊಡ್ಡ ಚಮಚ ಕಟ್ಟಿದ ಮೊಸರಿನಲ್ಲಿ 20–25 ಕ್ಯಾಲೊರಿ. ಆದರೆ ಬಿಸಿಗೆ ಮೊಸರು ಒಡೆದು ನೀರು ಬಿಡುತ್ತದೆ, ಬ್ರೆಡ್ ಮೆತ್ತಗಾಗುತ್ತದೆ. ಅದಕ್ಕೆ ಮಜ್ಜಿಗೆ ಹುಳಿಯ ಉಪಾಯವೇ ಔಷಧಿ: ಬಟ್ಟಲು ಮೊಸರಿಗೆ ಒಂದು ಚಮಚ ಕಡಲೆಹಿಟ್ಟು. ಹಸಿ ವಾಸನೆ ಬರದಿರಲಿ ಅಂತ ಹಿಟ್ಟನ್ನು ಮೊದಲು ಹುರಿದುಕೊಳ್ಳುತ್ತೇನೆ. ಇದಕ್ಕೆ ಹಸಿಮೆಣಸು, ಕೊತ್ತಂಬರಿ ಸೊಪ್ಪು, ಒಂದಿಷ್ಟು ಬೇಯಿಸಿದ ಈರುಳ್ಳಿ ಬೆರೆಸಿದರೆ ಒಳ್ಳೆ ಹೂರಣ ಆಗುತ್ತದೆ. ಮೇಲೆ ಎರಡು ಚಿಟಿಕೆ ಚೀಸ್ ತುರಿ ಉದುರಿಸಿ ಕೊಟ್ಟರೆ ಇದರಲ್ಲಿ ಮೊಸರಿದೆ ಅಂತ ಮಗನಿಗೆ ಗೊತ್ತೇ ಆಗುವುದಿಲ್ಲ.

ಕೆಲವರು ಚೀಸಿನ ಬದಲು ಪನೀರ್ ಹಾಕಿ ಅನ್ನುತ್ತಾರೆ. ಪನೀರ್ ಒಳ್ಳೆಯದೇ, ಪ್ರೋಟೀನ್ ಇದೆ, ಹೊಟ್ಟೆ ತುಂಬುತ್ತದೆ. ಆದರೆ ಹಾಲಿಗೆ ಹುಳಿ ಹಿಂಡಿ ಒಡೆಸಿದ್ದು ಎಷ್ಟು ಕಾಯಿಸಿದರೂ ಚೀಸಿನ ಹಾಗೆ ಕರಗುವುದಿಲ್ಲ. ಗಟ್ಟಿ ಹಾಲಿನ ಪನೀರ್ ಕ್ಯಾಲೊರಿಯಲ್ಲೂ ಚೀಸಿಗಿಂತ ತೀರಾ ಕೆಳಗೇನಿಲ್ಲ. ಬೇಕಿದ್ದರೆ ಪುಡಿ ಮಾಡಿ ಈರುಳ್ಳಿ ಜೊತೆ ಬೆರೆಸಿ, ಕರಗುವ ಕೆಲಸವನ್ನು ಮಾತ್ರ ಚೀಸಿಗೇ ಬಿಡಿ.

ಇನ್ನು ಕಾವಲಿಯ ಕೆಲಸ. ಬ್ರೆಡ್ಡನ್ನು ಮೊದಲು ಏನೂ ಹಾಕದೆ, ಒಣ ಕಾವಲಿಯ ಮೇಲೆ ಎರಡೂ ಬದಿ ಸುಡುತ್ತೇನೆ. ಮಧ್ಯಮ ಉರಿ, ಒಂದು ಬದಿಗೆ ಎರಡು ನಿಮಿಷ. ಅವಸರ ಮಾಡಿದರೆ ಮೇಲೆ ಕಪ್ಪಾಗಿ ಒಳಗೆ ಹಸಿಯಾಗೇ ಉಳಿಯುತ್ತದೆ. ಆಮೇಲೆ ಸಾಸಿವೆ, ಈರುಳ್ಳಿ ಅಥವಾ ಮೊಸರಿನ ಹೂರಣ, ಚೀಸ್. ಉರಿ ಸಣ್ಣಗೆ ಮಾಡಿ, ಮುಚ್ಚಳ ಮುಚ್ಚಿ ಒಂದು ನಿಮಿಷ. ಚೀಸ್ ಕರಗಿದ ಕೂಡಲೇ ಮುಚ್ಚಳ ತೆಗೆದು ಅರ್ಧ ನಿಮಿಷ ಹಾಗೇ ಬಿಡಬೇಕು, ಹಬೆ ಹೋಗಿ ತಳ ಮತ್ತೆ ಗರಿಗರಿ ಆಗುತ್ತದೆ. ಈ ರೀತಿ ಮಾಡಿದ ಎರಡು ಸ್ಲೈಸಿಗೆ ಒಟ್ಟು 280 ಕ್ಯಾಲೊರಿಯ ಆಸುಪಾಸು. ಮೊದಲಿನ ಲೆಕ್ಕ 500ರ ಹತ್ತಿರ ಇತ್ತು.

ನನಗೆ ಇದಕ್ಕಿಂತಲೂ ಇಷ್ಟ ತಲೆಕೆಳಗಾದ ಟೋಸ್ಟ್. ನಾನ್‌ಸ್ಟಿಕ್ ಕಾವಲಿಯ ಮೇಲೆ ಚೀಸ್ ತುರಿಯನ್ನು ನೇರವಾಗಿ, ಬ್ರೆಡ್ಡಿನ ಅಳತೆಗೆ ತೆಳ್ಳಗೆ ಉದುರಿಸಿ. ಅದು ಗುಳ್ಳೆ ಗುಳ್ಳೆ ಬರುವಾಗ ಈರುಳ್ಳಿ ಸವರಿದ ಬ್ರೆಡ್ಡನ್ನು ಮುಖ ಕೆಳಗೆ ಮಾಡಿ ಮೆಲ್ಲಗೆ ಒತ್ತಿ. ಎರಡು ನಿಮಿಷ ಮುಟ್ಟಬೇಡಿ. ಚೀಸ್ ತನ್ನ ಕೊಬ್ಬಿನಲ್ಲೇ ಹುರಿದು ಕಂದು ಬಣ್ಣದ ಹಪ್ಪಳದಂತಾಗಿ ಬ್ರೆಡ್ಡಿಗೆ ಅಂಟಿಕೊಳ್ಳುತ್ತದೆ. ಕರಗಿದ ಚೀಸಿಗಿಂತ ಕಂದಾದ ಚೀಸಿಗೆ ರುಚಿ ಎಷ್ಟೋ ಪಾಲು ಜಾಸ್ತಿ, ಒಂದು ಸ್ಲೈಸಿಗೆ ಎಂಟು ಗ್ರಾಂ ಧಾರಾಳ. ಇದಕ್ಕೆ ಚೆಡ್ಡಾರ್ ಅಥವಾ ಮೊಜರೆಲ್ಲಾ ಸರಿಹೋಗುತ್ತದೆ.

ಹೀಗೆ ಮುಖ ಕೆಳಗೆ ಮಾಡಿ ಸುಡುವುದನ್ನು ನಾನು ಕಲಿತದ್ದು ರವೆ ಟೋಸ್ಟಿನಿಂದ. ರವೆ, ಮೊಸರು, ಈರುಳ್ಳಿ, ಹಸಿಮೆಣಸು ಕಲಸಿ ಬ್ರೆಡ್ಡಿಗೆ ಮೆತ್ತಿ ಕಾವಲಿಯಲ್ಲಿ ಸುಡುವುದು ಎಷ್ಟೋ ಮನೆಗಳಲ್ಲಿ ಇದೆ. ಚೀಸ್ ಇಲ್ಲ, ಆದ್ದರಿಂದ ಹಗುರ ಅಂತ ಎಲ್ಲರೂ ನಂಬಿದ್ದಾರೆ. ಅದೇ ತಕ್ಕಡಿಯಲ್ಲಿ ತೂಗಿದರೆ ಬೇರೆ ಕಥೆ. ನಾಲ್ಕು ಸ್ಲೈಸಿಗೆ ಅರ್ಧ ಬಟ್ಟಲು ರವೆ, ಅರ್ಧ ಬಟ್ಟಲು ಮೊಸರು ಹಾಕಿದರೆ ಮೇಲಿನ ಹೂರಣಕ್ಕೇ ಒಂದು ಸ್ಲೈಸಿಗೆ 100ರ ಹತ್ತಿರ ಬರುತ್ತದೆ. ಚೀಸ್ ತುರಿ ಹಾಕಿದ ನನ್ನ ಟೋಸ್ಟಿಗಿಂತ ಅದೇ ಭಾರ! ರವೆಯನ್ನು ಕಾಲು ಬಟ್ಟಲಿಗೆ ಇಳಿಸಿ, ಆ ಜಾಗಕ್ಕೆ ಕ್ಯಾರೆಟ್ ತುರಿ, ಕ್ಯಾಪ್ಸಿಕಂ, ಇನ್ನೊಂದು ಈರುಳ್ಳಿ ಹಾಕಿದರೆ ಲೆಕ್ಕ ಸಾಕಷ್ಟು ಇಳಿಯುತ್ತದೆ. ಕಾಲು ಗಂಟೆ ನೆನೆಯಲು ಬಿಟ್ಟರೆ ಅಷ್ಟು ರವೆಯೇ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

ಬ್ರೆಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಣ್ಣ ಕಂದಾಗಿದೆ ಅಂತ ಗೋಧಿ ಬ್ರೆಡ್ ಅಂದುಕೊಳ್ಳಬೇಡಿ, ಕ್ಯಾರಮೆಲ್ ಬಣ್ಣ ಹಾಕಿಯೂ ಮಾಡುತ್ತಾರೆ. ಪ್ಯಾಕೆಟ್ಟಿನ ಮೇಲೆ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆದಿರುತ್ತಾರೆ, ಆ ಜಾಗದಲ್ಲಿ ಮೈದಾ ಇದೆಯೋ ಗೋಧಿ ಹಿಟ್ಟು ಇದೆಯೋ ನೋಡಿ. ಗೋಧಿಯದ್ದಾದರೂ ಕ್ಯಾಲೊರಿ ಹೆಚ್ಚುಕಮ್ಮಿ ಅಷ್ಟೇ. ನಾರು ಜಾಸ್ತಿ ಇರುವುದರಿಂದ ಹಸಿವು ತಡವಾಗಿ ಆಗುತ್ತದೆ, ಲಾಭ ಅದು.

ಒಂದು ಮಾತು ಮಾತ್ರ ಖಂಡಿತ: ಎರಡು ಸ್ಲೈಸಿಗೆ ನಿಲ್ಲಬೇಕಾದರೆ ಪಕ್ಕದಲ್ಲಿ ಏನಾದರೂ ಬಿಸಿಯಾಗಿ ಇರಬೇಕು. ನಾನು ಟೊಮೆಟೊ ತಿಳಿಸಾರನ್ನು ಲೋಟಕ್ಕೆ ಹಾಕಿ ಕೊಡುತ್ತೇನೆ, ಜೊತೆಗೆ ಸೌತೆಕಾಯಿ ಹೋಳು. ಈ ಜೋಡಿ ಶುರುವಾದ ಮೇಲೆ ಯಜಮಾನರು ಮೂರನೇ ಸ್ಲೈಸ್ ಕೇಳುವುದನ್ನು ಬಿಟ್ಟರು.

ಪಫ್ಸ್ ಆಸೆಯಾದ ದಿನಕ್ಕೂ ಇದೇ ಈರುಳ್ಳಿ ಡಬ್ಬಿ ಸಾಕು. ಪಫ್ಸಿನ ಪದರಗಳೆಲ್ಲ ಹಿಟ್ಟಿನ ನಡುವೆ ಕೊಬ್ಬು ಮಡಿಸಿ ಮಡಿಸಿ ಬಂದದ್ದು, ಅದನ್ನು ಮನೆಯಲ್ಲಿ ಹಗುರ ಮಾಡಲು ದಾರಿಯಿಲ್ಲ. ಹಾಗಾಗಿ ನಾನು ಮಧ್ಯಾಹ್ನದ ಚಪಾತಿ ಉಳಿದಿದ್ದರೆ ಅದರ ಅರ್ಧಕ್ಕೆ ಈರುಳ್ಳಿ, ಚೀಸ್ ತುರಿ, ಹೆಚ್ಚಿದ ಹಸಿಮೆಣಸು ಹರಡಿ, ಇನ್ನರ್ಧ ಮಡಚಿ, ಒಣ ಕಾವಲಿಯ ಮೇಲೆ ಭಾರದ ಪಾತ್ರೆ ಹೇರಿ ಸುಡುತ್ತೇನೆ. ಒಂದು ಬದಿಗೆ ಮೂರು ನಿಮಿಷ ಸಣ್ಣ ಉರಿ. ಚಪಾತಿ ಹೊಸದಾಗಿದ್ದರೆ ಇಷ್ಟು ಗರಿಗರಿ ಬರುವುದಿಲ್ಲ, ಆರಿದ್ದೇ ಬೇಕು. ಮಗ ಶಾಲೆಯ ಡಬ್ಬಿಗೂ ಇದನ್ನೇ ಕೇಳುತ್ತಾನೆ. ಡಬ್ಬಿಗೆ ಹಾಕುವುದಾದರೆ ಪೂರ್ತಿ ಆರಿದ ಮೇಲೆ ಮುಚ್ಚಬೇಕು, ಇಲ್ಲದಿದ್ದರೆ ಬೆವೆತು ಮೆತ್ತಗಾಗುತ್ತದೆ.